ರಾಗಿ ಮೊಳೆತ ಕೋಟೆ

ಯೂನಿಯನ್ ಸಿಟಿಯಿಂದ ಸರಟೋಗಾಕ್ಕೆ ಸುಮಾರು ಇಪ್ಪತ್ತೈದು ಮೈಲಿ. ದಸರೆಯ ಆ ಭಾನುವಾರ ಊಟಕ್ಕೆ ಮುಂಚೆಯೇ ಹೊರಟೆವು. ಅಕ್ಟೋಬರ್ ಆದರೂ ಬಿಸಿಲು ಚುರುಕಾಗಿತ್ತು. ಫ್ರೀವೇಯ ಎಡಕ್ಕಿದ್ದ ಗುಡ್ಡಗಳು ಒಣಹುಲ್ಲಿನಿಂದ ಹಳದಿಗಟ್ಟಿದ್ದವು. ಕಾರು ಓಡಿಸುತ್ತಿದ್ದ ನನ್ನ ತಂಗಿ ವಸುಧಾ ಎಚ್ಚರಿಸಿದಳು: "ಅಣ್ಣಾ, ಗೊಂಬೆಗಿಂತ ಮೊದ್ಲು ಕೋಟೆ ನೋಡ್ಬಿಡು. ಇಲ್ದಿದ್ರೆ ಮಾಯಾ ಮಾತೇ ಆಡಲ್ಲ."

ಮಾಯಾ ಸರಟೋಗಾದಲ್ಲಿರುವ ಅವಳ ಗೆಳತಿಯ ಮಗಳು, ಹತ್ತು ವರ್ಷದವಳು. ಗೊಂಬೆ ಮೆಟ್ಟಿಲುಗಳ ಕೆಳಗೆ ಎಲ್ಲರೂ ಪುಟ್ಟ ಪಾರ್ಕು ಕಟ್ಟುವ ಜಾಗದಲ್ಲಿ, ತಾನೇ ಕಲ್ಪಿಸಿದ ಲೋಕದ ಕೋಟೆಯೊಂದನ್ನು ಹಿತ್ತಲ ಮಣ್ಣಿನಿಂದ ಕಟ್ಟಿದ್ದಳು. ಏಳು ಬುರುಜು, ಬಾಗಿಲು ಒಂದೂ ಇಲ್ಲ. ಒಳಗಿರುವ ರಾಜ ಯಾರನ್ನೂ ನಂಬುವವನಲ್ಲ. ಅವನ ಭಯ ಎಷ್ಟೆಂದರೆ ಗೋಡೆಯ ಮೇಲೆ ಹುಲ್ಲೂ ಹುಟ್ಟುವುದಿಲ್ಲ. ಮಧ್ಯಾಹ್ನ ಕ್ಲಾಸಿನ ಹುಡುಗಿಯರು ಮೊದಲ ಸಲ ಅವಳ ಮನೆಗೆ ಬರುವವರಿದ್ದರು, ಈ ಕಥೆ ಕೇಳುವುದಕ್ಕೆಂದೇ.

ನಾವು ಒಳಗೆ ಹೋದಾಗ ಮಾಯಾ ಅಳುತ್ತಿದ್ದಳು. ಮಣ್ಣು ಬಿರುಕು ಬಿಡದಿರಲೆಂದು ಅಜ್ಜಿ ರಾಜಮ್ಮ ಕೋಟೆಗೆ ದಿನಗಟ್ಟಲೆ ಒದ್ದೆ ಬಟ್ಟೆ ಹೊದಿಸಿಟ್ಟಿದ್ದರು. ಆಗಷ್ಟೇ ಬಟ್ಟೆ ತೆಗೆದರೆ ಬುರುಜಿನಿಂದ ಬುಡದವರೆಗೆ ಎಳೆ ಮೊಳಕೆ!

"ಇಟ್ಸ್ ರುಯಿನ್ಡ್, ಅಜ್ಜಿ! ಅಲ್ಲಿ ಏನೂ ಬೆಳೀಬಾರ್ದು!"

"ಪಾರ್ಕು ಅಂದ್ಮೇಲೆ ಪೈರು ಬೇಡ್ವೇನೇ?" ಎಂದರು ರಾಜಮ್ಮ. "ಮೈಸೂರಿಂದ ಸೂಟ್‌ಕೇಸಲ್ಲಿ ತಂದ ರಾಗಿ ಕಣೇ. ನಮ್ಮನೇಲಿ ಪ್ರತಿ ದಸರಾನೂ ಚೆಲ್ತಿದ್ವಿ."

"ಇದು ಪಾರ್ಕ್ ಅಲ್ಲ!"

"ನಂಗೇನು ಗೊತ್ತು? ಯಾರೂ ಹೇಳ್ಲೇ ಇಲ್ವಲ್ಲ."

ಮಾಯಾ ಮೊಳಕೆ ಕೀಳಲು ಹೋದಳು. ಎರಡು ಕಿತ್ತಾಗ ಬುರುಜೊಂದು ಬೇರಿನ ಜೊತೆಗೇ ಕಳಚಿ ಬಂತು. ಅಲ್ಲಿಗೆ ಕೈಬಿಟ್ಟಳು. ಊಟಕ್ಕೆ ಬಿಸಿಬೇಳೆ ಭಾತ್, ಕಡಲೆಕಾಳು ಗುಗ್ಗರಿ ಇತ್ತು, ಅವಳು ಮುಟ್ಟಲಿಲ್ಲ.

ನಾಲ್ವರು ಹುಡುಗಿಯರು ಬಂದು ಕೋಟೆಯ ಮುಂದೆ ಚಕ್ಕಂಬಕ್ಕಳ ಹಾಕಿ ಕುಳಿತರು. ಮಾಯಾ ಇಂಗ್ಲಿಷಿನಲ್ಲಿ ಕಥೆ ಶುರುಮಾಡಿದಳು. ಹುಲ್ಲಿನ ಮಾತು ಬಂದಾಗ ಒಬ್ಬಳು ಬೆರಳು ತೋರಿಸಿದಳು: ಹಾಗಾದರೆ ಈ ಹಸಿರು ಎಲ್ಲಿಂದ ಬಂತು?

ಮಾಯಾ ಮೊಳಕೆಯನ್ನೂ ಅಜ್ಜಿಯನ್ನೂ ನೋಡಿದಳು. ಆಮೇಲೆ ಹೇಳಿದಳು: ಎಷ್ಟೋ ಸೈನ್ಯಗಳು ಬಂದು ಸೋತು ಹೋದವು. ಕೊನೆಗೆ ಒಬ್ಬ ಮುದುಕಿ ಬಂದಳು. ಅವಳ ಹತ್ತಿರ ಕತ್ತಿ ಇರಲಿಲ್ಲ, ಸೆರಗಿನಲ್ಲಿ ಬೀಜ ಇತ್ತು. ಅದು ಭಯದ ಕೋಟೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಹುಡುಗಿಯರು ಚಪ್ಪಾಳೆ ತಟ್ಟಿದರು. ರಾಜಮ್ಮ ನನ್ನ ಕಡೆ ಬಾಗಿ ಕೇಳಿದರು: "ಏನಂದ್ಳಪ್ಪಾ?" ನಾನು ಕನ್ನಡದಲ್ಲಿ ಹೇಳಿದೆ. ಅವರು ಎದ್ದು ಹೋಗಿ ಎಲ್ಲರಿಗೂ ಗುಗ್ಗರಿ ತಂದರು. ಮಾಯಾ ಎರಡು ಸಲ ಹಾಕಿಸಿಕೊಂಡಳು.

ಹೊರಡುವಾಗ ಬಾಗಿಲಿಂದ ತಿರುಗಿ ನೋಡಿದೆ. ಮಾಯಾ ಚಮಚದಿಂದ ಕೋಟೆಗೆ ಬಾಗಿಲು ಕೊರೆಯುತ್ತಿದ್ದಳು. ಪಕ್ಕದಲ್ಲಿ ರಾಜಮ್ಮ, ಕೈಯಲ್ಲಿ ಚನ್ನಪಟ್ಟಣದ ಮರದ ರಾಜ.

"ಇನ್ನೊಂಚೂರು ಅಗಲ ಮಾಡೇ. ಇವ್ನಿಗೆ ಹೊಟ್ಟೆ ಇದೆ, ಹೊರಗೆ ಬರೋಕೆ ಆಗ್ಬೇಕಲ್ಲ."