ಹೀಲಿಯಂ ಬಂದ ದಿನ ನಾನು ತಿಪಟೂರಿನಲ್ಲಿದ್ದೆ

ಕೊಬ್ಬರಿ ಅಟ್ಟದಿಂದ ಅಣ್ಣ ಬಿದ್ದನೆಂದು ತಂತಿ ಬಂದಾಗ ನಾನು ಬೆಂಗಳೂರಿನ ಪ್ರಯೋಗಾಲಯದಲ್ಲಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳವು. ಎರ್ಬಿಯಂ, ರೋಡಿಯಂ, ಬೋರಾನ್‌ಗಳನ್ನು ಕರಗಿಸಿ ನಾನು ಒಂದು ಮಿಶ್ರಣ ಮಾಡಿಕೊಂಡಿದ್ದೆ. ಕಡಲೆಬೇಳೆಯಷ್ಟು ಗಾತ್ರದ ಬೂದು ಚೂರು. ಅದು ಬಿರುಕಿಲ್ಲದೆ ಕೈಗೆ ಬರುವಷ್ಟರಲ್ಲಿ ವರ್ಷಗಳೇ ಕಳೆದಿದ್ದವು. ಅದನ್ನು ತೀರ ತಣ್ಣಗೆ ಮಾಡಿ ಅಳೆಯಲು ದ್ರವ ಹೀಲಿಯಂ ಬೇಕು. ಅದನ್ನು ತಯಾರಿಸುವ ಯಂತ್ರ ಕೆಟ್ಟು ಕೂತಿತ್ತು.

ತಿಪಟೂರಿನ ಆಸ್ಪತ್ರೆಯಲ್ಲಿ ಅಣ್ಣ ಅಂಗಾತ ಮಲಗಿದ್ದ. ಡಾಕ್ಟರು ಅವನ ಅಂಗಾಲಿಗೆ ಸೂಜಿ ಒತ್ತಿದರು.

"ಗೊತ್ತಾಗ್ತಿದೆಯಾ?"

"ಏನ್ ಗೊತ್ತಾಗ್ಬೇಕು ಸಾ?" ಎಂದ ಅಣ್ಣ.

ಬೆಂಗಳೂರಿಗೆ ಸಾಗಿಸೋಣವೆ ಎಂದು ಕೇಳಿದೆ. ಬೆನ್ನುಮೂಳೆ ಏಟು ತಿಂದಿದೆ, ಈಗ ಅಲುಗಾಡಿಸುವುದೇ ಬೇಡ ಎಂದುಬಿಟ್ಟರು. ಅತ್ತಿಗೆ ಬಾಣಂತಿ, ಕಂದಿಕೆರೆಯ ತವರಿನಲ್ಲಿದ್ದಳು. ಅಪ್ಪ ತೀರಿಹೋಗಿ ಬಹಳ ಕಾಲವಾಗಿತ್ತು. ಹುಣ್ಣಾಗದಂತೆ ಅಣ್ಣನನ್ನು ಆಗಾಗ ಮಗ್ಗುಲಿಗೆ ಹೊರಳಿಸಬೇಕು, ಬೆನ್ನು ಒಂಚೂರೂ ತಿರುಚಬಾರದು. ಅಮ್ಮ ಭುಜ ಹಿಡಿದರೆ ನಾನು ಸೊಂಟ ಹಿಡಿಯುತ್ತಿದ್ದೆ.

ಆಸ್ಪತ್ರೆಯ ಎದುರಿನ ಕೊಬ್ಬರಿ ಮಂಡಿಯಲ್ಲಿ ಫೋನಿತ್ತು. ಒಂದು ಮಧ್ಯಾಹ್ನ ಬೆಂಗಳೂರಿನಿಂದ ನನಗೆ ಅಲ್ಲಿಗೆ ಕರೆ ಬಂತು. ನನ್ನ ಸಂಶೋಧನೆಯ ಗೈಡ್ ಮಾತಾಡಿದರು.

"ಯಂತ್ರ ರಿಪೇರಿ ಆಗಿ ಹೀಲಿಯಂ ಸಿಕ್ಕಿದೆ ಕಣಮ್ಮ. ನಾಳೆ ಬೆಳಗ್ಗೆ ಬರ್ತೀಯಾ?"

"ಎರಡು ದಿನ ಕಾಯೋಕಾಗಲ್ವಾ ಸರ್?"

"ನಾನು ಕಾಯ್ತೀನಿ. ಅದು ಕಾಯಲ್ಲ. ಆವಿಯಾಗಿ ಹೋಗುತ್ತೆ."

ನನ್ನ ಜೊತೆಯ ವಿದ್ಯಾರ್ಥಿಯೇ ಅಳೆಯಲಿ ಎಂದೆ. "ತೀರ ತಣ್ಣಗಾದಾಗ ನಿಧಾನ ಮಾಡೋಕೆ ಹೇಳಿ ಸರ್" ಎನ್ನುವಾಗ ಲೈನು ಕಡಿದುಹೋಯಿತು. ಕೇಳಿಸಿತೋ ಇಲ್ಲವೋ.

ವಾರ್ಡಿಗೆ ಮರಳಿದಾಗ ನನ್ನ ಮುಖ ನೋಡಿ ಅಣ್ಣ ಕೇಳಿದ: "ನಿನ್ ಕಲ್ಲಿನ ಇಚಾರನಾ?"

"ಹೂಂ."

"ಏನೈತೆ ಅದ್ರಾಗೆ ಅಂತದ್ದು?"

"ತುಂಬ ತಣ್ಣಗೆ ಮಾಡಿದ್ರೆ ಅದ್ರೊಳಗೆ ಕರೆಂಟು ಒಂಚೂರೂ ತಡೆಯಿಲ್ದೆ ಹರೀತದಣ್ಣ. ಇನ್ನೂ ತಣ್ಣಗೆ ಮಾಡಿದ್ರೆ ಅದೇ ಅಯಸ್ಕಾಂತ ಆಗಿ, ಆ ಗುಣಾನೇ ಹೊಂಟೋಯ್ತದೆ. ಒಂದಿದ್ರೆ ಇನ್ನೊಂದು ಇರಲ್ಲ ಅಂತಾರೆ. ಆ ಎರಡು ತಂಪಿನ ನಡುವೆ ಒಂದಿಷ್ಟೇ ಇಷ್ಟು ಜಾಗದಲ್ಲಿ ಎರಡೂ ಒಟ್ಟಿಗೆ ಇರ್ತಾವೇನೋ ಅಂತ ನಂಗನುಮಾನ."

"ಮತ್ತೆ ಹೋಗಿ ನೋಡ್ಕಂಬಾ. ಇಲ್ಲೇನ್ ಮಾಡ್ತೀಯಾ?"

"ಅಮ್ಮ ಒಬ್ಳೇ ನಿನ್ನ ಹೊರಳಿಸ್ತಾಳಾ? ಸುಮ್ನೆ ಮಲಿಕ್ಕೊ."

ಅವನು ಗೋಡೆಯ ಕಡೆ ಮುಖ ಮಾಡಿದ. ಮಾರನೆಯ ಬೆಳಗ್ಗೆಯೆಲ್ಲ ಒದ್ದೆ ಬಟ್ಟೆಯಲ್ಲಿ ಅವನ ಕಾಲೊರೆಸುತ್ತ, ಈಗ ಹೀಲಿಯಂ ಸುರಿಯುತ್ತಿರಬಹುದು, ಈಗ ಇನ್ನೂ ತಣ್ಣಗಾಗಿಸಲು ಪಂಪು ಹಾಕಿರಬಹುದು ಎಂದುಕೊಳ್ಳುತ್ತಿದ್ದೆ. ನಾನು ಒರೆಸುತ್ತಿರುವುದು ಅವನಿಗೆ ತಿಳಿಯುತ್ತಿರಲಿಲ್ಲ.

ಎಡಗಾಲಿಗೆ ಮೆಲ್ಲಗೆ ಸ್ಪರ್ಶ ಮರಳಿದ ಮೇಲೆ ನಾನು ಬೆಂಗಳೂರಿಗೆ ಹೊರಟೆ. ನನ್ನ ಬದಲು ಅಳೆದಿದ್ದ ಗೆಳೆಯ ಅಳತೆಯ ಕಾಗದ ಹರಡಿದ. ಕರೆಂಟಿನ ತಡೆ ತೋರುವ ಪೆನ್ನಿನ ಗೆರೆ ಸೊನ್ನೆಗಿಳಿದು, ಬಹಳ ದೂರ ಹಾಗೇ ಹೋಗಿ, ಕೊನೆಯಲ್ಲಿ, ನನಗೆ ಬೇಕಿದ್ದ ಆ ನಡುವಿನ ಜಾಗ ಶುರುವಾಗುವಲ್ಲೇ, ಕೊಂಚ ತಲೆಯೆತ್ತಿ ನಿಂತುಬಿಟ್ಟಿತ್ತು.

"ನಿಧಾನ ಮಾಡೋಷ್ಟರಲ್ಲಿ ಹೀಲಿಯಂ ಮುಗೀತು" ಎಂದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಕಾರಣವೂ ಇರಲಿಲ್ಲ.

ಯಂತ್ರ ಮತ್ತೆ ಕೆಟ್ಟಿತು. ಅದರ ಬಿಡಿಭಾಗ ಹಡಗಿನಲ್ಲಿ ಬರಬೇಕಿತ್ತು. ಅದಕ್ಕೆ ಮೊದಲೇ ಹೊರದೇಶದ ವಿಜ್ಞಾನ ಪತ್ರಿಕೆ ಬಂತು. ಆ ಕಿರಿದಾದ ನಡುವಿನಲ್ಲಿ ಎರಡೂ ಒಟ್ಟಿಗಿರುವುದನ್ನು ಅಲ್ಲಿ ಯಾರೋ ಕಂಡಿದ್ದರು. ಗೈಡ್ ಆ ಪುಟ ತೆರೆದು ನನ್ನ ಮೇಜಿನ ಮೇಲಿಟ್ಟು ಹೋದರು.

ಮುಂದಿನ ಸಲ ನಮ್ಮೂರು ಶೆಟ್ಟಿಕೆರೆಗೆ ಹೋದಾಗ ಅದನ್ನು ಅಣ್ಣನಿಗೆ ಹೇಳಿದೆ. ಜಗುಲಿಯ ಮೇಲೆ ಮಗುವನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದ.

"ನೀನಂದಂಗೇ ಆಯ್ತಲ್ಲ ಬುಡು" ಎಂದ.

"ಆಯ್ತಣ್ಣ."

ಮಗುವನ್ನು ನನಗೆ ಕೊಟ್ಟು, ಕಂಬ ಹಿಡಿದು ಏಳಲು ನೋಡಿದ. ಬಲಗಾಲು ಹಿಂದೆಯೇ ಉಳಿಯಿತು. ನಾನು ಕೈ ಚಾಚಿದೆ. "ಮುಟ್ಬೇಡ ಕಣೇ" ಎಂದ. ಮಗುವನ್ನೆತ್ತಿಕೊಂಡು ಅವನು ನೆಟ್ಟಗಾಗುವವರೆಗೆ ನೋಡುತ್ತ ನಿಂತೆ.