ನೆಗೆಣ್ಣಿಗಾಗಿ ಇಟ್ಟ ಪಾಸ್‌ವರ್ಡ್

ಮನೆಗೆ ಇಂಟರ್ನೆಟ್ ಯಾಕೆ ಹಾಕಿಸಿದಿರಿ ಎಂದು ಕೇಳಿದವರಿಗೆಲ್ಲ, ಮಗಳ ಓದಿಗೆ ಬೇಕಲ್ರಿ ಎನ್ನುತ್ತಿದ್ದೆ. ಎಂಥ ಓದು, ಯಾವ ಓದು! ನಾನು ಹಾಕಿಸಿದ್ದು ನೆಗೆಣ್ಣಿಯ ಹೊಟ್ಟೆ ಉರಿಸಲಿಕ್ಕೆ. ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಬೈಲಹೊಂಗಲದ ನಮ್ಮ ಹಳೇ ಮನೆಯನ್ನು ಅಣ್ಣತಮ್ಮಂದಿರು ವಾಟ್ನಿ ಮಾಡಿಕೊಂಡಾಗ ನಡುವೆ ಒಂದು ಗೋಡೆ ಎದ್ದಿತು. ಆಚೆ ಅವಳು, ಈಚೆ ನಾನು.

ವಾಟ್ನಿಯಲ್ಲಿ ಟಿವಿ ಅವರ ಪಾಲಿಗೆ ಹೋಯಿತು. ನನ್ನ ಮಗಳು ಆಗ ಅಂಗನವಾಡಿಯ ಕೂಸು. ಸಂಜೆಯಾದರೆ ಸಾಕು, ಕಾರ್ಟೂನು ನೋಡಲು ದೊಡ್ಡವ್ವನ ಮನೆಗೆ ಓಡುತ್ತಿದ್ದಳು. ಒಂದು ದಿನ ಅವರ ಮನೆಗೆ ಯಾರೋ ಬೀಗರು ಬಂದಿದ್ದರು. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಗೋಡೆಯಾಚೆಯಿಂದ ನೆಗೆಣ್ಣಿಯ ದನಿ ಕೇಳಿಸಿತು.

"ನಿಮ್ಮನ್ಯಾಗ ಟಿವಿ ಇಲ್ಲೇನ? ದಿನಾ ಬಂದ ಕುಂಡರತೀ. ನಡಿ ಹೊರಗ!"

ಕೂಸು ಮನೆಗೆ ಬಂದು, "ಅವ್ವಾ, ಅಲ್ಲೆ ಕರೆಂಟ ಹೋತು" ಎಂದಿತು. ಗೋಡೆಯಾಚೆ ಟಿವಿ ಹಾಡುತ್ತಲೇ ಇತ್ತು. ಅಷ್ಟು ಸಣ್ಣ ಜೀವ ನನ್ನ ಮುಂದೆ ಮಾನ ಉಳಿಸಿಕೊಳ್ಳಲು ಸುಳ್ಳು ಹೇಳಿತಲ್ಲ! ಹಿಡಿದಿದ್ದ ಬಟ್ಟೆಯನ್ನು ಕಲ್ಲಿಗೆ ಎಷ್ಟು ಬಡಿದೆನೋ ನನಗೇ ಗೊತ್ತಿಲ್ಲ. ಈ ಹೆಂಗಸು ಒಂದಲ್ಲ ಒಂದು ದಿನ ನನ್ನ ಹೊಸ್ತಿಲಿಗೆ ಬಂದು ಬೇಡಬೇಕು, ನನ್ನ ಕೂಸಿಗೆ ಏನು ಮಾಡಿದೆ ಎಂಬುದನ್ನು ತನ್ನ ಬಾಯಿಂದಲೇ ಹೇಳಬೇಕು ಎಂದು ಅಂದೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಅವತ್ತಿನಿಂದ ಅವಳೊಡನೆ ಮಾತು ಬಿಟ್ಟೆ. ನಮ್ಮ ಕಡೆ ಮಾತು ಬಿಡುವುದೆಂದರೆ ಬಾಯಿ ಮುಚ್ಚಿಕೊಂಡಿರುವುದಲ್ಲ. ಅವಳು ತನ್ನ ಎಮ್ಮೆಗೆ ಹೇಳುತ್ತಾಳೆ, ನಾನು ನನ್ನ ಕೊಡಕ್ಕೆ ಹೇಳುತ್ತೇನೆ. ಕೇಳಬೇಕಾದವರಿಗೆ ಕೇಳಿಸುತ್ತದೆ.

ನಾನು ಊರವರ ಬ್ಲೌಸು ಹೊಲಿಯುತ್ತಿದ್ದಂತೆಯೇ ಮಗಳು ಬೆಳೆದು ಕಾಲೇಜಿಗೆ ಬಂದಳು. ನನ್ನ ಹೊಲಿಗೆಯ ದುಡ್ಡಿನಲ್ಲೇ ಅವರದಕ್ಕಿಂತ ದೊಡ್ಡ ಟಿವಿ ತಂದೆ. ಮಗಳಿಗೆ ಟಿವಿಗೆ ಹಚ್ಚಿ ಆಡುವ ಗೇಮಿನ ಡಬ್ಬಿ ಕೊಡಿಸಿದೆ. ಹೆಣ್ಣುಹುಡುಗಿಗೆ ಅದ್ಯಾಕೆ ಎಂದವರಿಗೆ, ಆಕೀ ಕೈ, ಆಕೀ ಆಟ, ನಿಮಗೇನ್ರಿ ತ್ರಾಸ ಎಂದೆ. ಓಣಿಗೆ ಫೈಬರಿನ ವೈರು ಬಂದದ್ದೇ ತಡ, ಮೊದಲು ಹೆಸರು ಬರೆಸಿದವಳು ನಾನು.

ವೈರಿನವನು ಬಂದು ರೂಟರನ್ನು ಪಡಸಾಲೆಯ ಬಾಗಿಲ ಪಕ್ಕ ಜಡಿದು ಹೋದ. ಪಡಸಾಲೆಯಲ್ಲಿ ಫೋನು ಓಡಿತು, ನಡುಮನೆಯಲ್ಲಿ ಟಿವಿಯ ಮೇಲೆ ಚಕ್ರ ಸುಮ್ಮನೆ ಗರಗರ ತಿರುಗುತ್ತಲೇ ಇತ್ತು. ನಮ್ಮ ಹಿರಿಯರು ಕಟ್ಟಿದ ಕಲ್ಲುಮಣ್ಣಿನ ಗೋಡೆಯ ದಪ್ಪ ಹೇಗಿದೆಯೆಂದರೆ, ಅದರ ಮೇಲೆ ಒಬ್ಬ ಆಳು ಕಾಲು ಚಾಚಿ ಮಲಗಬಹುದು. ಸಿಗ್ನಲ್ ಅದನ್ನು ದಾಟುವುದುಂಟೇ? ಬ್ಲೌಸಿಗೆ ಕಾಜಾ ಹಾಕುತ್ತ ಹಾಕುತ್ತ ಫೋನಿನಲ್ಲಿ ವಿಡಿಯೋ ನೋಡಿ ಕಲಿತೆ. ಕುಂತಲ್ಲೇ ಕುಂತಿರುವ ಟಿವಿಗೆ, ಗೇಮಿನ ಡಬ್ಬಿಗೆ ವೈರು ಎಳೆಯಬೇಕು, ಕೈಯಲ್ಲಿ ಹಿಡಿದು ಓಡಾಡುವ ಫೋನಿಗೆ ವೈಫೈ ಬಿಡಬೇಕು, ಇಷ್ಟೇ ಗುಟ್ಟು. ಗಂಡನನ್ನು ಮಾಳಿಗೆ ಹತ್ತಿಸಿ, ಪಡಸಾಲೆಯ ಬೆಳಕಿಂಡಿಯಿಂದ ವೈರು ಮೇಲೆತ್ತಿ ನಡುಮನೆಯ ಬೆಳಕಿಂಡಿಯಿಂದ ಕೆಳಗೆ ಇಳಿಸಿದೆ. ಗೇಮು ತಡೆಯದೆ ಓಡಿತು. ಮಗಳು ನನ್ನನ್ನು ಅಪ್ಪಿಕೊಂಡಳು.

ಅಷ್ಟಕ್ಕೇ ಸುಮ್ಮನಿದ್ದರೆ ನಾನು ನಾನೇ ಅಲ್ಲ. ರೂಟರಿನ ಹಿಂದೆ ಒಂದು ಸಣ್ಣ ತೂತು ಇದೆ, ಅದಕ್ಕೆ ಪಿನ್ನು ಚುಚ್ಚಿದರೆ ಪಾಸ್‌ವರ್ಡ್ ಎಲ್ಲ ಅಳಿಸಿಹೋಗುತ್ತದೆ ಎಂದು ಗೊತ್ತಾಯಿತು. ನಾನು ಮಷೀನಿನ ಮುಂದೆ ಕುಂತಾಗ ಪಡಸಾಲೆಯ ಬಾಗಿಲು ತೆರೆದೇ ಇರುತ್ತದೆ, ನೆಗೆಣ್ಣಿಯನ್ನು ನಂಬುವುದು ಹೇಗೆ? ರೂಟರನ್ನು ಗೋಡೆಯಿಂದ ಕಿತ್ತು, ವೈರು ಬಿಚ್ಚದೆ ಹಾಗೇ ತಿಜೋರಿಯಲ್ಲಿ ನನ್ನ ಪಾಟ್ಲಿ ಬಳೆಗಳ ಪಕ್ಕ ಇಟ್ಟು ಬಾಗಿಲು ಒತ್ತಿದೆ. ಮನೆಯ ಫೋನುಗಳಲ್ಲೆಲ್ಲ ನೆಟ್ಟು ಒಮ್ಮೆಲೇ ಸತ್ತಿತು. ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ.

"ಕಬ್ಬಣದಾಗ ತುರುಕಿ ಬಾಗಲಾ ಹಾಕಿದರ ಸಿಗ್ನಲ್ ಎಲ್ಲಿಂದ ಹೊರಗ ಬರಬೇಕ ಮಾರಾಯ್ತಿ? ಅದಕ್ಕ ಉಸರಾಡಾಕರ ಬಿಡ."

"ನಗಬ್ಯಾಡ್ರಿ. ನಿಮ್ಮ ವೈನಿ ಕೈ ಎಂಥಾದ್ದ ಅನ್ನೂದ ನಿಮಗ ಗೊತ್ತಿಲ್ಲ" ಎಂದೆ.

ಕೊನೆಗೆ ಪಡಸಾಲೆಯಲ್ಲೇ ಎತ್ತರದಲ್ಲಿ ಹಲಗೆ ಹೊಡೆದು ಅದರ ಮೇಲೆ ಇಟ್ಟೆ. ಹಲಗೆ ಹೊಡೆದದ್ದು ವಾಟ್ನಿಯ ಗೋಡೆಗೆ. ಅದು ದುಡ್ಡು ಉಳಿಸಲೆಂದು ಎಬ್ಬಿಸಿದ ಬರೀ ಇಟ್ಟಂಗಿಯ ತೆಳು ಗೋಡೆ. ಹೀಗಾಗಿ ನನ್ನ ನಡುಮನೆಗೆ ಬಾರದ ಸಿಗ್ನಲ್ ಅವಳ ಅಡುಗೆಮನೆಗೆ ಭರ್ಜರಿಯಾಗಿ ಹೋಯಿತು. ಮೊದಲು ಮೈ ಉರಿಯಿತು. ಆಮೇಲೆ ತಲೆ ಓಡಿತು. ಹೋಗಲಿ, ದಿನಾ ಕಣ್ಣಿಗೆ ಬೀಳಲಿ, ಕೈಗೆ ಸಿಗದಿರಲಿ! ವೈಫೈಗೆ 'ಸಣ್ಣ ಸೊಸಿ ಮನಿ' ಎಂದು ಹೆಸರಿಟ್ಟೆ. ಪಾಸ್‌ವರ್ಡಿಗೆ ಅವಳದೇ ಮಾತು, 'ನಿಮ್ಮನ್ಯಾಗ ಟಿವಿ ಇಲ್ಲೇನ', ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ.

ಎರಡೇ ದಿನದಲ್ಲಿ ನೆಗೆಣ್ಣಿ ಎಮ್ಮೆಗೆ ಹೇಳಿದಳು: "ಕೆಲವರಿಗೆ ಹೆಸರ ಇಟಗೊಂಡ ಮೆರಿಯಾಕ ಅಷ್ಟ ಬರತೈತಿ ನೋಡವಾ."

ನಾನು ಕೊಡಕ್ಕೆ ಹೇಳಿದೆ: "ಕೀಲಿ ಹಾಕಾಕೂ ಬರತೈತೆವಾ."

ಆ ವರ್ಷ ಅವಳ ಮಗಳ ಮದುವೆಯಾಗಿತ್ತು. ರಾಮದುರ್ಗದ ಅಳಿಯ ಮೊದಲ ದೀಪಾವಳಿಗೆ ಬಂದ. ಹೊಸ ಅಳಿಯ ಎಂದರೆ ಕೇಳಬೇಕೇ, ಅವನು ಮುಖ ಸಣ್ಣ ಮಾಡಿದರೆ ಇಡೀ ಬಳಗಕ್ಕೆ ಸುದ್ದಿ. ಅವನು ಬಟ್ಟೆಯ ಚೀಲದ ಜೊತೆ ಗೇಮಿನ ಡಬ್ಬಿಯನ್ನೂ ಹೊತ್ತು ತಂದಿದ್ದ. ಆ ಮನೆಯೊಳಗೆ ಅವನ ಫೋನಿನ ನೆಟ್ಟು ಒಂದು ಕಡ್ಡಿಯೂ ಏಳಲಿಲ್ಲ. ತೆಳು ಗೋಡೆಯಿಂದ ನನಗೆಲ್ಲ ಕೇಳುತ್ತಿತ್ತು. ಎಣ್ಣೆ ಹಚ್ಚಿಸಿಕೊಂಡು ಮಿಂದ, ಹೊಸ ಅಂಗಿ ತೊಟ್ಟ, ಹೋಳಿಗೆಗೆ ಕುಂತು ಅರ್ಧಕ್ಕೇ ಎದ್ದ.

"ಗೆಳ್ಯಾರೆಲ್ಲ ಆಟಕ್ಕ ಕಾಯಾಕತ್ತಾರ್ರಿ. ಇಲ್ಲೆ ಕುಂತ ಏನ ಮಾಡ್ಲಿ? ನಾಳೆ ಮುಂಜಾನೆ ಬಸ್ಸಿಗೆ ಹೊಂಡತೇನಿ."

ಪಾಡ್ಯಕ್ಕೆ ಮುಂಚೆಯೇ ಹೊಸ ಅಳಿಯ ಹೊರಡುವುದೆಂದರೆ! ನಾನು ಮಷೀನು ನಿಲ್ಲಿಸಿ ಕಾದೆ. ಸ್ವಲ್ಪ ಹೊತ್ತಿಗೆ ನೆಗೆಣ್ಣಿ ನನ್ನ ಹೊಸ್ತಿಲಲ್ಲಿ ಇದ್ದಳು. ಒಂದು ಕೈಯಲ್ಲಿ ಕರ್ಚಿಕಾಯಿಯ ತಾಟು, ಇನ್ನೊಂದು ಕೈಯಲ್ಲಿ ಅಳಿಯನ ಫೋನು. ನನಗೆ ಎದ್ದು ಕುಣಿಯಬೇಕೆನಿಸಿತು. ಕುಂಡ್ರಿ ಎನ್ನಲಿಲ್ಲ.

"ತಂಗೀ, ಹಬ್ಬ ಐತಿ. ಅಳಿಯಾ ಸಿಟ್ಟಾಗ್ಯಾನ. ನಿಮ್ಮ ನೆಟ್ಟಿಂದು ಅದೇನೋ ಪಾಸ್‌ವರ್ಡ್ ಅಂತಲ್ಲ, ಅದನ್ನಷ್ಟ ಕೊಡವಾ."

"ಬರಕೋರಿ ಅಕ್ಕಾರ" ಎಂದು ಒಂದೊಂದೇ ಅಕ್ಷರ ಹೇಳಿದೆ. ಅವಳು ಹೆಬ್ಬೆರಳಿನಿಂದ ಒಂದೊಂದೇ ಒತ್ತಿದಳು. ಮುಗಿದ ಮೇಲೆ, ಪಕ್ಕದ ಕಣ್ಣಿನ ಗುರುತು ಒತ್ತಿ ಓದಿರಿ ಎಂದೆ. ಕಣ್ಣು ಕಿರಿದು ಮಾಡಿ ಓದಿದಳು. ಓದಿ ನಕ್ಕಳು.

"ಇದೆಂಥಾ ಪಾಸ್‌ವರ್ಡ್ ಇಟ್ಟೀದಿ ಮಾರಾಯ್ತಿ! ಯಾರರೆ ನಿಮಗ ಹಿಂಗ ಅಂದಿದ್ರೇನ?"

"ನೀವ ಅಂದಿದ್ರಿ. ನನ್ನ ಮಗಳಿಗೆ."

"ನಾನ? ನನಗೇನ ನೆನಪಿಲ್ಲವಾ. ಬಿಡ, ಮಕ್ಕಳಿಗೆ ಏನೇನೋ ಅಂತಿರತೇವಿ" ಎಂದು ತಾಟನ್ನು ಕಟ್ಟೆಯ ಮೇಲಿಟ್ಟು ಹೋಗೇ ಬಿಟ್ಟಳು.

ಬೇಡಿದಳು ಸರಿ, ಆದರೆ ಬೇಡಿದ್ದು ಅವಳಿಗೆ ಚುಚ್ಚಲೇ ಇಲ್ಲ. ಗೋಡೆಯಾಚೆ ಅಳಿಯ "ಬಂತ್ರಿ ಅತ್ತಿಯಾರ, ಬಂತು!" ಎಂದು ಕೂಗಿದ. ಎಲ್ಲರೂ ಕೇಕೆ ಹಾಕಿದರು. ನಡುಮನೆಗೆ ಹೋಗಿ ಮಗಳನ್ನು ಕೇಳಿದೆ, ನಿನಗಾದರೂ ನೆನಪಿದೆಯಾ ಎಂದು. ಅವಳು ಆಟದಿಂದ ಕಣ್ಣು ಕೀಳದೆ, "ಇಲ್ಲ ಬಿಡ ಅವ್ವಾ. ಸಣ್ಣಾಕಿ ಇದ್ದಾಗಿನ ಮಾತ ಈಗ ಯಾಕ?" ಎಂದಳು. ಯಾರಿಗಾಗಿ ಇಷ್ಟು ವರ್ಷ ಕುದಿದೆನೋ ಅವಳೇ ಮರೆತಿದ್ದಳು.

ಫೋನು ತೆಗೆದೆ. ನನ್ನ ನೆಟ್ಟಿಗೆ ಏನೇನು ಕೂಡಿಕೊಂಡಿದೆ ಎಂಬುದೆಲ್ಲ ಅದರಲ್ಲಿ ಕಾಣುತ್ತದೆ. ನಮ್ಮ ಟಿವಿ, ಮಗಳ ಡಬ್ಬಿ, ಕೆಳಗೆ ಹೊಸದಾಗಿ ಅಳಿಯನ ಫೋನು, ಅವನ ಡಬ್ಬಿ. ಕೆಳಗಿನ ಎರಡನ್ನೂ ಒತ್ತಿ ಬಂದ್ ಮಾಡಿದೆ.

ಕೇಕೆ ನಿಂತಿತು. ನೆಗೆಣ್ಣಿ ಸೆರಗು ಸುತ್ತಿಕೊಳ್ಳುತ್ತ ಓಡಿ ಬಂದಳು. ಈ ಸಲ ಹೊಸ್ತಿಲಿಗೆ ನಾನೇ ಅಡ್ಡ ನಿಂತೆ.

"ತಂಗೀ, ಹೋತಲ್ಲ! ಆಟದ ನಡುವ ಹೋತು. ಬೀಗರ ಮನಿಗೆ ಸುದ್ದಿ ಆಕ್ಕೈತಿ, ಹಚ್ಚವಾ."

"ಏನ ಅಂದಿದ್ರಿ ಅನ್ನೂದ ನೆನಪ ಮಾಡಿಕೋರಿ. ಆಮ್ಯಾಲ ಹಚ್ಚತೇನಿ."

ಅವಳು ನನ್ನ ಕೈಯಲ್ಲಿದ್ದ ಫೋನು ನೋಡಿದಳು, ನನ್ನ ಮುಖ ನೋಡಿದಳು. ದನಿ ಒಮ್ಮೆಲೇ ಇಳಿಯಿತು.

"ಬೀಗರ ಮುಂದ ಡೌಲ ಮಾಡಾಕ ಹೋಗಿ ಕೂಸಿನ ರಟ್ಟಿ ಹಿಡದ ಎಬ್ಬಿಸಿದೆ. ಅಳಲಿಲ್ಲ ಅದು. 'ದೊಡ್ಡವ್ವಾ, ನಾಳೆ ಬರಲ್ಯಾ?' ಅಂತು. ನಾ ಬಾಗಲಾ ಹಾಕಿದೆ."

ಇಷ್ಟು ನನಗೂ ಗೊತ್ತಿರಲಿಲ್ಲ. ಹೇಳಿಸಬೇಕು ಎಂದುಕೊಂಡದ್ದನ್ನು ಹೇಳಿಸಿದ್ದೆ, ಮಾತಿನಂತೆ ನೆಟ್ಟು ಹಚ್ಚಿದೆ. ಅಳಿಯ ಪಾಡ್ಯ ಮುಗಿಸಿಕೊಂಡು ಖುಷಿಯಾಗಿಯೇ ಊರಿಗೆ ಹೋದ. ನೆಗೆಣ್ಣಿ ನಿಜಕ್ಕೂ ಮರೆತಿದ್ದರೆ ಆ ಸಿಟ್ಟನ್ನು ಎಂದಾದರೂ ಬಿಟ್ಟುಬಿಡುತ್ತಿದ್ದೆನೇನೋ. ಅವಳಿಗೆ ಎಲ್ಲ ನೆನಪಿತ್ತು. ನೆನಪಿಟ್ಟುಕೊಂಡೇ ಇಷ್ಟು ವರ್ಷ ಗೋಡೆಯಾಚೆ ಉಂಡಳು, ಮಲಗಿದಳು, ನನ್ನ ಮಗಳು ಅಂಗಳದಲ್ಲಿ ಆಡಿ ಬೆಳೆದದ್ದನ್ನು ನೋಡಿದಳು. ಒಂದು ದಿನವೂ ಆ ಕೂಸನ್ನು ಬಾ ಎಂದು ಕರೆಯಲಿಲ್ಲ.