ಮೊದಲು ಸಣ್ಣ ಸೂಜಿ

ನನ್ನ ಗಂಡನಿಗೆ ಜನ ಇಟ್ಟ ಹೆಸರು ಹೂಗೈ. ಪ್ರಾಣಿಗಳ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷದಿಂದ ಕಾಂಪೌಂಡರು. ಅವರು ಇಂಜೆಕ್ಷನ್ ಕೊಟ್ಟದ್ದು ನಾಯಿಗೆ ಗೊತ್ತಾಗುವುದು ಮನೆ ಮುಟ್ಟಿದ ಮೇಲೆ ಎಂದು ಊರವರು ನಗುತ್ತಾರೆ. ಅದೇ ಆಸ್ಪತ್ರೆಯ ಬಾಗಿಲ ಪಕ್ಕದ ಮೇಜಿನ ಹಿಂದೆ ಕೂತು ಚೀಟಿ ಬರೆಯುವವಳು ನಾನು. ಮನೆಯಲ್ಲೂ ಅವರೇ, ಕೆಲಸದಲ್ಲೂ ಅವರೇ. ನನ್ನ ಹಣೆಬರಹಕ್ಕೆ ರಜೆಯೇ ಇಲ್ಲ.

ಹೂಗೈಯವರದು ಒಂದು ಪದ್ಧತಿ. ಎರಡು ಸೂಜಿ ಚುಚ್ಚಬೇಕಿದ್ದರೆ ಮೊದಲು ಸಣ್ಣದು, ದೊಡ್ಡದು ಮರುದಿನ. "ಮೊದಲೇ ದೊಡ್ಡದು ಚುಚ್ಚಿದ್ರೆ ಅದು ಜನ್ಮದಲ್ಲಿ ನನ್ನ ಹತ್ರ ಬರುತ್ತೇನೇ?" ಎಂದು ನನ್ನನ್ನೇ ಕೇಳುತ್ತಾರೆ. ಡಾಕ್ಟರೂ ಇದಕ್ಕೆ ಅಡ್ಡ ಬಂದವರಲ್ಲ. ಇಷ್ಟು ವರ್ಷ ಆ ಪದ್ಧತಿಯಿಂದ ಒಂದು ಜೀವಕ್ಕೂ ಕೇಡಾಗಿರಲಿಲ್ಲ.

ಹಿಂದಿನ ಬೀದಿಯಲ್ಲಿ ಹೊಲಿಗೆಯಕ್ಕ ಇದ್ದರು. ಮುಂದಿನ ಕೋಣೆ ಅಂಗಡಿ, ಹಿಂದಿನ ಕೋಣೆ ಮನೆ. ಹದಿಮೂರು ವರ್ಷ ಅವರಿಗಿದ್ದ ಜೊತೆ ನೂಲುಂಡೆ ಎಂಬ ಬೂದು ಬೆಕ್ಕು ಒಂದೇ. ಎಷ್ಟೇ ಜಾಗವಿರಲಿ, ಅದಕ್ಕೆ ಮಲಗಲು ಅಕ್ಕ ಆಗತಾನೇ ಕತ್ತರಿಸಿಟ್ಟ ಬಟ್ಟೆಯೇ ಆಗಬೇಕು. ಐವತ್ತೆರಡನೆಯ ವಯಸ್ಸಿನಲ್ಲಿ ಅಕ್ಕನಿಗೆ ಮದುವೆ ಕೂಡಿಬಂತು. ವರ ಬೇರೆ ದೇಶದಲ್ಲಿ ಗಡಿಯಾರ ರಿಪೇರಿ ಮಾಡುವವರು. ವೀಸಾ ಕೈಗೆ ಬರಲು ಎರಡು ವರ್ಷ ಹಿಡಿಯಿತು.

"ಬೆಕ್ಕೂ ಬರುತ್ತೆ, ಒಪ್ಪಿಗೆ ಇದ್ರೆ ಹೇಳಿ ಅಂತ ಮೊದಲನೇ ದಿನಾನೇ ಹೇಳ್ಬಿಟ್ಟೆ," ಎಂದು ಅಕ್ಕ ನಮ್ಮ ಮೇಜಿನ ಮುಂದೆ ನಾಚಿಕೊಂಡು ನಕ್ಕರು.

ಆ ದೇಶದವರು ಕೇಳಿದ್ದು ಇಷ್ಟು: ಕತ್ತಿನ ಚರ್ಮದಡಿ ನಂಬರಿರುವ ಚಿಪ್, ರೇಬೀಸ್ ಇಂಜೆಕ್ಷನ್, ಆಮೇಲೆ ಮೂವತ್ತು ದಿನ ಕಾಯುವುದು, ಹೊರಡುವ ಮುಂಚೆ ಪ್ರಯಾಣಕ್ಕೆ ಗಟ್ಟಿಮುಟ್ಟಾಗಿದೆ ಎಂದು ಡಾಕ್ಟರ ಸರ್ಟಿಫಿಕೇಟು. ನಮ್ಮ ಆಸ್ಪತ್ರೆಯಿಂದ ಹೊರದೇಶಕ್ಕೆ ಹೊರಟ ಮೊದಲ ಪ್ರಾಣಿ ನೂಲುಂಡೆ. ಚಿಪ್ ಹಾಕುವ ಸೂಜಿ ದಬ್ಬಣದಷ್ಟು ದಪ್ಪ. ಮೇಜಿನ ಮೇಲೆ ಬೆಕ್ಕು ನಡುಗುತ್ತಿತ್ತು. ಅಕ್ಕ ಅದರ ತಲೆ ಹಿಡಿದು ಕಣ್ಣು ಮುಚ್ಚಿ ನಿಂತಿದ್ದರು. ನಮ್ಮವರು ತಮ್ಮ ಪದ್ಧತಿಯಂತೆ ನಾಲ್ಕನೇ ತಾರೀಕು ಇಂಜೆಕ್ಷನ್ ಕೊಟ್ಟರು, ಐದನೇ ತಾರೀಕು ಚಿಪ್ ಹಾಕಿದರು. ನಾನು ಎರಡೂ ತಾರೀಕುಗಳನ್ನು ಬೆಕ್ಕಿನ ಇಂಜೆಕ್ಷನ್ ಪುಸ್ತಕದಲ್ಲಿ ಮುತ್ತು ಪೋಣಿಸಿದಂತೆ ಬರೆದೆ. ಡಾಕ್ಟರು ಸಹಿ ಹಾಕಿದರು.

ಹೊರಡುವ ದಿನ ವಿಮಾನ ನಿಲ್ದಾಣಕ್ಕೆ ನಾವಿಬ್ಬರೂ ಹೋಗಿದ್ದೆವು. ಪ್ರಾಣಿಗಳ ಕೌಂಟರಿನ ಅಧಿಕಾರಿ ಪುಸ್ತಕ ತಿರುವಿ, ನನ್ನ ಅಕ್ಷರದ ಮೇಲೆ ಬೆರಳಿಟ್ಟರು.

"ಚಿಪ್ ಮೊದಲು ಆಗ್ಬೇಕು, ಇಂಜೆಕ್ಷನ್ ಆಮೇಲೆ. ಇಲ್ಲಿ ಉಲ್ಟಾ ಆಗಿದೆ. ಈ ಇಂಜೆಕ್ಷನ್ ಲೆಕ್ಕಕ್ಕೆ ಬರಲ್ಲ."

"ಒಂದೇ ದಿನದ ವ್ಯತ್ಯಾಸ ಸಾರ್. ನಾನೇ ಕೊಟ್ಟಿದ್ದು, ಇದೇ ಕೈಯಲ್ಲಿ," ಎಂದರು ನಮ್ಮವರು.

"ಇರಬಹುದು. ಆದ್ರೆ ನಾಲ್ಕನೇ ತಾರೀಕು ನಂಬರೇ ಇಲ್ಲದ ಯಾವುದೋ ಬೆಕ್ಕಿಗೆ ಕೊಟ್ಟಿದ್ದೀರಿ. ಅದು ಇದೇ ಬೆಕ್ಕು ಅನ್ನೋಕೆ ಕಾಗದ ಎಲ್ಲಿದೆ?"

ಅಧಿಕಾರಿ ಕೆಟ್ಟವರಲ್ಲ. ಪೆಟ್ಟಿಗೆಯ ಜಾಲರಿಯೊಳಗೆ ಬೆರಳು ತೂರಿಸಿ ನೂಲುಂಡೆಯ ಕೆನ್ನೆ ಕೆರೆದರು. ಕೆಟ್ಟವರಾಗಿದ್ದರೆ ಬೈದಾದರೂ ಹೊಟ್ಟೆ ತಣ್ಣಗೆ ಮಾಡಿಕೊಳ್ಳುತ್ತಿದ್ದೆ. ಕಳಿಸಿದರೂ ಆಚೆ ಕಡೆಯವರು ಇಳಿಸಿಕೊಳ್ಳುವುದಿಲ್ಲ, ಮತ್ತೆ ಇಂಜೆಕ್ಷನ್ ಕೊಟ್ಟು ಮೂವತ್ತು ದಿನ ಕಾಯಲೇಬೇಕು ಎಂದರು. ಅಕ್ಕನ ವೀಸಾದಲ್ಲಿ ಆ ದೇಶ ಸೇರಲು ಅಂದೇ ಕೊನೆಯ ದಿನ.

"ನಾನು ಹೋಗಲ್ಲ," ಎಂದು ಅಕ್ಕ ಪೆಟ್ಟಿಗೆ ತಬ್ಬಿಕೊಂಡು ಬೆಂಚಿನ ಮೇಲೆ ಕೂತುಬಿಟ್ಟರು.

ನಮ್ಮವರು ಅವರ ಮುಂದೆ ಮಂಡಿಯೂರಿ ಕೂತರು. "ಒಂದೇ ತಿಂಗಳು ಅಕ್ಕಾ. ನಾನೇ ನೋಡ್ಕೊಂಡು ನಾನೇ ಕಳಿಸ್ತೀನಿ. ಮಾತು ಕೊಡ್ತೀನಿ."

ಆ ಮಾತಿಗೆ ಅಕ್ಕ ಎದ್ದರು. ಗಾಜಿನ ಬಾಗಿಲು ದಾಟುವವರೆಗೂ ಹಿಂದಕ್ಕೆ ನೋಡುತ್ತಲೇ ಹೋದರು. ನಾವು ಬೆಕ್ಕಿನ ಪೆಟ್ಟಿಗೆ ಹೊತ್ತುಕೊಂಡು ಬಸ್ಸು ಹತ್ತಿದೆವು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಡಾಕ್ಟರು ಆಮೇಲೆ ನಿಯಮಗಳನ್ನೆಲ್ಲ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದರು. ನಮ್ಮವರು ಹೊಸದಾಗಿ ಇಂಜೆಕ್ಷನ್ ಕೊಟ್ಟು ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಎಳೆಯತೊಡಗಿದರು. ನೂಲುಂಡೆ ನಮ್ಮ ಮಂಚದಡಿ ಸೇರಿತು. ಮೊದಲ ವಾರ ಮೂಸಿ ನೋಡಿ ಬಿಡುತ್ತಿದ್ದ ಊಟವನ್ನು ಮೂರನೇ ವಾರ ಮೂಸಿಯೂ ನೋಡಲಿಲ್ಲ. ನಾನು ನನ್ನ ಹಳೇ ಸೀರೆ ಕತ್ತರಿಸಿ ನೆಲದ ಮೇಲೆ ಹರಡಿದೆ, ಅದರ ಮೇಲಾದರೂ ಮಲಗಲಿ ಎಂದು. ಬರಲಿಲ್ಲ. ನಮ್ಮವರು ಅದಕ್ಕೆ ಪಿಚಕಾರಿಯಲ್ಲಿ ನೀರು ಕುಡಿಸುತ್ತ, "ನಾನು ಹೂಗೈ ಅಂತೆ ಕಣೇ," ಎಂದು ಗೊಣಗಿದರು. ಚುಡಾಯಿಸುವ ಬದಲು ನಾನು ಬಟ್ಟಲಿಗೆ ಇನ್ನಷ್ಟು ನೀರು ತುಂಬಿದೆ.

ಮೂವತ್ತನೇ ಗೆರೆ ಬಿದ್ದ ದಿನ ಕಾಗದದಲ್ಲಿ ಒಂದು ಕೊರತೆಯೂ ಇರಲಿಲ್ಲ. ಡಾಕ್ಟರು ಬೆಕ್ಕಿನ ರಕ್ತ ನೋಡಿ ಪೆನ್ನು ಕೆಳಗಿಟ್ಟರು. "ಕಿಡ್ನಿ ಎರಡೂ ಹೋಗಿವೆ. ಒಂದು ವಾರ ಇದ್ರೆ ಹೆಚ್ಚು. ಗಟ್ಟಿಮುಟ್ಟಾಗಿದೆ ಅಂತ ಹೇಗಯ್ಯ ಬರೆದುಕೊಡ್ಲಿ?" ಬರೆಯಿರಿ ಎಂದು ನಮ್ಮವರೂ ಕೇಳಲಿಲ್ಲ. ಇನ್ನೊಂದು ಪೆಟ್ಟಿಗೆ, ಇನ್ನೊಂದು ವಿಮಾನ ಅದರ ಮೈಗೆ ತಡೆಯದೆಂದು ಅವರಿಗೂ ಗೊತ್ತಿತ್ತು.

ಅಂದು ಸಂಜೆ ಅಕ್ಕನಿಗೆ ಫೋನ್ ಮಾಡಿದರು. ವಿಷಯ ಹೇಳಿದರು.

"ತಪ್ಪು ನಂದು ಅಕ್ಕಾ," ಎಂದರು ನಮ್ಮವರು. "ದೊಡ್ಡ ಸೂಜಿ ನಾಳೆ ಹಾಕೋಣ ಅಂತ ನಾನು..."

"ನೀವಲ್ಲ ಅಣ್ಣಾ. ಇವತ್ತು ಬೇಡ, ಪಾಪ ನಡುಗ್ತಿದೆ, ನಾಳೆ ಹಾಕಿ ಅಂತ ನಾನೇ ಹೇಳಿದ್ದು. ಮರೆತುಬಿಟ್ರಾ?"

ನಮ್ಮವರು ನನ್ನ ಮುಖ ನೋಡಿದರು. ಅಂದು ನಾನು ಅಲ್ಲೇ ಇದ್ದೆ. ಅಕ್ಕ ಒಂದು ಮಾತೂ ಆಡಿರಲಿಲ್ಲ. ಇವರಿಗೆ ಆ ತಪ್ಪನ್ನು ಒಪ್ಪಿಕೊಳ್ಳುವ ದಾರಿಯೂ ಉಳಿಯಲಿಲ್ಲ.

"ಫೋನು ಅದರ ಕಿವಿ ಹತ್ರ ಹಿಡೀರಿ," ಎಂದರು ಅಕ್ಕ.

ನಮ್ಮವರು ಮಂಚದಡಿ ಬಗ್ಗಿ ಹಿಡಿದರು. ಆ ಕಡೆಯಿಂದ ಅಕ್ಕ ಹೊಲಿಗೆ ಮಿಷನ್ ತುಳಿಯುವ ಸದ್ದು ಬಂತು, ಟಕಟಕ ಟಕಟಕ ಎಂದು. ನೂಲುಂಡೆ ತಲೆ ಎತ್ತಿತು. ಕಾಲು ನಡುಗಿಸುತ್ತ ಎದ್ದು, ಫೋನನ್ನು ದಾಟಿ ಮಂಚದಡಿಯಿಂದ ಹೊರಗೆ ಬಂತು. ನಾನು ಹರಡಿದ್ದ ಸೀರೆಯ ತುಂಡುಗಳ ಮೇಲೆ ಹಾದು ಬಾಗಿಲವರೆಗೆ ಹೋಗಿ, ಅಕ್ಕನನ್ನು ಹುಡುಕಿತು.